ಸಣ್ಣ ಸಂಘಗಳು ಕೈ ಜೋಡಿಸಿದರೆ ಹ್ಯಾಕರ್‌ಗಳನ್ನು ತಡೆಯಬಹುದೇ?

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯ ಒಂದು ಪತ್ತಿನ ಸಹಕಾರಿ ಸಂಘದ ಕಾರ್ಯದರ್ಶಿ. ನಮ್ಮ ಸದಸ್ಯರಲ್ಲಿ ನೇಕಾರರು, ಸಣ್ಣ ಅಂಗಡಿಯವರೇ ಜಾಸ್ತಿ. ಸ್ವಲ್ಪ ದಿನದ ಹಿಂದೆ ಪಕ್ಕದ ತಾಲೂಕಿನ ಒಂದು ಸಂಘದ ಸರ್ವರ್ ಲಾಕ್ ಆಗಿ, ಪರದೆ ಮೇಲೆ ಡಾಲರ್ ಲೆಕ್ಕದಲ್ಲಿ ಹಣ ಕೇಳುವ ಸಂದೇಶ ಬಂತಂತೆ. ಅವರು ಯಾರಿಗೂ ಹೇಳಲಿಲ್ಲ. ನಮಗೆ ಗೊತ್ತಾಗಿದ್ದು ಒಬ್ಬ ಪಿಗ್ಮಿ ಏಜೆಂಟರ ಬಾಯಿಂದ. ಆಗಿನಿಂದ ನಮ್ಮ ಅಧ್ಯಕ್ಷರಿಗೆ ನಿದ್ದೆ ಇಲ್ಲ. ನನ್ನ ಮಗಳು ಧಾರವಾಡದಲ್ಲಿ ಕೆಎಎಸ್ ಪರೀಕ್ಷೆಗೆ ಓದುತ್ತಿದ್ದಾಳೆ. ‘ಪೆಸಿಫಿಕ್ ಸಾಗರದ ಪುಟ್ಟ ಪುಟ್ಟ ದೇಶಗಳು ಒಂದಾಗಿ ಸೈಬರ್ ಭದ್ರತೆ ನೋಡಿಕೊಳ್ಳುತ್ತವೆ, ನೀವೂ ಆರು ಸಂಘದವರು ಸೇರಿ ಮಾಡಬಹುದಲ್ಲ’ ಎಂದಳು. ಅಧ್ಯಕ್ಷರಿಗೆ ಇದು ಹಿಡಿಸಿದೆ. ಆರೂ ಸಂಘಕ್ಕೆ ಒಂದೇ ದೊಡ್ಡ ಸರ್ವರ್ ಹಾಕಿಸಿ, ಒಬ್ಬ ಎಂಜಿನಿಯರ್‌ನನ್ನು ಇಟ್ಟುಕೊಳ್ಳುವ ಯೋಚನೆ ಅವರದು. ನಮ್ಮ ಲೆಕ್ಕಪರಿಶೋಧಕರು ಮಾತ್ರ, ‘ನಿಮ್ಮಂಥ ಸಣ್ಣ ಸಂಘದ ತಂಟೆಗೆ ಯಾವ ಹ್ಯಾಕರ್ ಬರ್ತಾನ್ರಿ, ಸುಮ್ನೆ ಖರ್ಚು’ ಅಂತಾರೆ. ಆ ದೇಶಗಳಿಗೆ ಒಂದಾಗಿದ್ದರಿಂದ ನಿಜಕ್ಕೂ ಲಾಭ ಆಗಿದೆಯೇ? ನಮಗೆ ಆಗುತ್ತದೆಯೇ?

ಉತ್ತರ: ನಿಮ್ಮ ಆತಂಕ ನನಗೆ ಅರ್ಥವಾಗುವುದು ಹೀಗೆ. ಒಂದು, ನಮ್ಮಷ್ಟು ಸಣ್ಣವರ ಮೇಲೂ ದಾಳಿ ಆಗುತ್ತದೆಯೇ? ಎರಡು, ಸಣ್ಣವರು ನಾಲ್ಕಾರು ಜನ ಸೇರಿದರೆ ಬಲ ಬರುತ್ತದೆಯೇ, ಅಥವಾ ಎಲ್ಲರೂ ಒಟ್ಟಿಗೇ ಮುಳುಗುತ್ತೇವೆಯೇ? ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದು, ಏನನ್ನು ಒಟ್ಟು ಮಾಡುತ್ತೀರಿ ಅನ್ನುವುದರ ಮೇಲೆ ನಿಂತಿದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಸುದ್ದಿಯನ್ನು ಹಂಚಿಕೊಳ್ಳಿ, ಬೇಕಾದರೆ ಮನುಷ್ಯನನ್ನೂ ಹಂಚಿಕೊಳ್ಳಿ. ಸರ್ವರ್ ಮಾತು ಕೊನೆಗಿರಲಿ.

ಲೆಕ್ಕಪರಿಶೋಧಕರ ಮಾತು ತುಂಬಾ ಜನ ನಂಬುವ ಮಾತು. ಇಂಥ ದಾಳಿಗಳಲ್ಲಿ ಹೆಚ್ಚಿನವು ಹೆಸರು ನೋಡಿ ಬರುವುದಿಲ್ಲ. ರಾತ್ರಿ ಓಣಿಯಲ್ಲಿ ಒಂದೊಂದೇ ಬಾಗಿಲು ತಳ್ಳಿ ನೋಡುತ್ತಾ ಹೋಗುವ ಕಳ್ಳನ ಹಾಗೆ, ದಾಳಿಕೋರರ ಪ್ರೋಗ್ರಾಂಗಳು ಇಂಟರ್ನೆಟ್ಟಿನ ವಿಳಾಸಗಳನ್ನು ಒಂದಾದ ಮೇಲೊಂದು ಪರೀಕ್ಷಿಸುತ್ತಾ ಇರುತ್ತವೆ. ರಿಮೋಟ್ ಡೆಸ್ಕ್‌ಟಾಪ್ (ದೂರದಿಂದಲೇ ಕಂಪ್ಯೂಟರ್ ನಡೆಸುವ ದಾರಿ) ತೆರೆದಿದೆಯೇ, ಪಾಸ್‌ವರ್ಡ್ ಸುಲಭವಿದೆಯೇ, ಹಳೆಯ ವಿಂಡೋಸ್ ಇದೆಯೇ, ಅಷ್ಟೇ ನೋಡುತ್ತವೆ. ಒಳಗೆ ಹೋದ ಮೇಲೆ ತಾನೆ ಇದು ಬ್ಯಾಂಕೋ, ಸಂಘವೋ, ಸರ್ಕಾರವೋ ಅಂತ ಅವರಿಗೆ ತಿಳಿಯುವುದು.

ಪೆಸಿಫಿಕ್‌ನ ವನುವಾಟು ಎಂಬ ದೇಶವನ್ನು ನೋಡಿ. ಜನಸಂಖ್ಯೆ 3 ಲಕ್ಷದ ಆಸುಪಾಸು. ನಮ್ಮ ಬಾಗಲಕೋಟೆ ಜಿಲ್ಲೆಯಲ್ಲೇ 2011ರ ಜನಗಣತಿ ಪ್ರಕಾರ ಸುಮಾರು 19 ಲಕ್ಷ ಜನ ಇದ್ದರು. ಅಷ್ಟು ಪುಟ್ಟ ದೇಶದ ಸರ್ಕಾರಿ ಕಂಪ್ಯೂಟರ್ ಜಾಲ 2022ರ ನವೆಂಬರ್‌ನಲ್ಲಿ ಪೂರ್ತಿ ಕುಸಿಯಿತು. ಆಗಷ್ಟೇ ಹೊಸ ಸರ್ಕಾರ ಬಂದಿತ್ತು. ಸಂಸತ್ತು, ಪೊಲೀಸ್, ಪ್ರಧಾನಿ ಕಚೇರಿ, ಎಲ್ಲದರ ಇಮೇಲ್ ಮತ್ತು ವೆಬ್‌ಸೈಟ್ ಬಂದ್. ವಾರಗಟ್ಟಲೆ ಅಧಿಕಾರಿಗಳು ತಮ್ಮ ಸ್ವಂತ ಜಿಮೇಲ್‌ನಿಂದ ಸರ್ಕಾರಿ ಪತ್ರ ಕಳಿಸಿದರು. ಉಳಿದದ್ದೆಲ್ಲ ಪೆನ್ನು, ಹಾಳೆಯಲ್ಲಿ ನಡೆಯಿತು. ಬಾಗಲಕೋಟೆ ನಗರದಷ್ಟೇ ಜನ ಇರುವ ಟೋಂಗಾದಲ್ಲಿ 2023ರ ಫೆಬ್ರವರಿಯಲ್ಲಿ ಸರ್ಕಾರಿ ಟೆಲಿಫೋನ್ ಕಂಪನಿಗೆ ರ್‍ಯಾನ್ಸಮ್‌ವೇರ್ ಹೊಡೆಯಿತು. ರ್‍ಯಾನ್ಸಮ್‌ವೇರ್ ಅಂದರೆ ನಿಮ್ಮ ಪಕ್ಕದ ತಾಲೂಕಿನವರಿಗೆ ಆದದ್ದೇ: ಕಡತಗಳಿಗೆಲ್ಲ ಬೀಗ ಹಾಕಿ, ಕೀಲಿಗೆ ದುಡ್ಡು ಕೇಳುವುದು. ಸಣ್ಣವರಾಗಿರುವುದು ಈ ದೇಶಗಳನ್ನು ಕಾಪಾಡಲಿಲ್ಲ. ಸಣ್ಣವರಾದ್ದರಿಂದ ಚೇತರಿಸಿಕೊಳ್ಳುವುದೇ ನಿಧಾನವಾಯಿತು. ಸಂಬಂಧಪಟ್ಟ ಕೆಲಸ ಗೊತ್ತಿರುವ ಜನ ಬೆರಳೆಣಿಕೆಯಷ್ಟೇ ಇದ್ದಾಗ ಇನ್ನೇನಾಗುತ್ತದೆ?

ಇನ್ನು ಒಂದಾಗುವ ವಿಷಯ. ನಿಮ್ಮ ಮಗಳು ಹೇಳಿದ್ದು ಬಹುಶಃ ಪ್ಯಾಕ್ಸನ್ ಬಗ್ಗೆ. ಪೆಸಿಫಿಕ್ ದೇಶಗಳ ಸೈಬರ್ ಭದ್ರತಾ ಜಾಲ ಅದು. 2018ರಲ್ಲಿ ಶುರುವಾಯಿತು. ಆಸ್ಟ್ರೇಲಿಯಾದ ದುಡ್ಡು, ಫಿಜಿ, ಸಮೋವಾ, ಟೋಂಗಾ, ವನುವಾಟು ಥರದ ದೇಶಗಳ ಸದಸ್ಯತ್ವ. ಇದನ್ನು ಕೇಳಿದವರು ಎಲ್ಲೋ ಒಂದು ಕಡೆ ದೊಡ್ಡ ಕಂಟ್ರೋಲ್ ರೂಂ ಇದೆ, ಅಲ್ಲಿಂದ ಎಲ್ಲ ದೇಶಗಳನ್ನೂ ಕಾಯುತ್ತಾರೆ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಪ್ರತಿ ದೇಶದಲ್ಲೂ ಈ ಕೆಲಸ ಮಾಡುವವರು ಯಾರು ಅಂತ ಗೊತ್ತಿರಬೇಕು, ಅವರು ಒಬ್ಬರಿಗೊಬ್ಬರು ಪರಿಚಯವಿರಬೇಕು, ಹೊಸ ಮೋಸ ಕಂಡರೆ ಹೇಳಬೇಕು, ಒಟ್ಟಿಗೆ ತರಬೇತಿ ಪಡೆಯಬೇಕು. ಹೆಚ್ಚುಕಡಿಮೆ ಇಷ್ಟೇ. ಕೇಳಲು ಸಪ್ಪೆ ಅನಿಸುತ್ತದೆ, ಅಲ್ವಾ? ಆದರೆ ಈ ಸಪ್ಪೆ ಕೆಲಸ ಇಲ್ಲದಿದ್ದಾಗ ಏನಾಗುತ್ತದೆ ಅನ್ನುವುದಕ್ಕೆ ಬಾಂಗ್ಲಾದೇಶದ ಕಥೆ ಹೇಳಬೇಕು. ಸಂಘ ನಡೆಸುವ ಪ್ರತಿಯೊಬ್ಬರೂ ಕೇಳಬೇಕಾದ ಕಥೆ ಇದು.

2016ರ ಫೆಬ್ರವರಿ 4, ಗುರುವಾರ ರಾತ್ರಿ. ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಕಂಪ್ಯೂಟರಿನೊಳಗೆ ಮೊದಲೇ ಸೇರಿಕೊಂಡಿದ್ದ ಕಳ್ಳರು, ಅದರ ಡಾಲರ್ ಖಾತೆ ಇದ್ದ ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿಗೆ 35 ಪಾವತಿ ಆದೇಶ ಕಳಿಸಿದರು. ಒಟ್ಟು ಮೊತ್ತ ಸುಮಾರು 95 ಕೋಟಿ ಡಾಲರ್. ಆ ದಿನವನ್ನೇ ಯಾಕೆ ಆರಿಸಿದರು ನೋಡಿ. ಶುಕ್ರವಾರ ಬಾಂಗ್ಲಾದೇಶದಲ್ಲಿ ವಾರದ ರಜೆ. ಢಾಕಾದವರಿಗೆ ಅನುಮಾನ ಬರುವ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಶನಿವಾರ, ಭಾನುವಾರದ ರಜೆ. ದುಡ್ಡು ಹೋಗಿ ಸೇರಿದ್ದು ಫಿಲಿಪ್ಪೀನ್ಸ್‌ನ ಮನಿಲಾಕ್ಕೆ, ಅಲ್ಲಿ ಸೋಮವಾರ ಚೀನೀ ಹೊಸ ವರ್ಷದ ರಜೆ. ಢಾಕಾದ ಬ್ಯಾಂಕಿನ ವ್ಯವಹಾರಗಳನ್ನು ತಾನಾಗಿಯೇ ಮುದ್ರಿಸುವ ಪ್ರಿಂಟರ್ ಕೆಟ್ಟಿತ್ತು. ಪ್ರಿಂಟರ್ ಕೆಡುವುದು ಮಾಮೂಲು ಅಂತ ಮೊದಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಢಾಕಾದವರು ನ್ಯೂಯಾರ್ಕಿಗೆ ಇಮೇಲ್ ಮಾಡಿದರು, ಫ್ಯಾಕ್ಸ್ ಮಾಡಿದರು, ಫೋನ್ ಮಾಡಿದರು. ರಜೆಯ ದಿನ ಎತ್ತುವವರಿರಲಿಲ್ಲ. ಶ್ರೀಲಂಕಾಕ್ಕೆ ಹೋಗಬೇಕಿದ್ದ 2 ಕೋಟಿ ಡಾಲರ್ ಉಳಿದುಕೊಂಡಿದ್ದು ಕಳ್ಳರು ಸಂಸ್ಥೆಯ ಹೆಸರಿನಲ್ಲಿ ಕಾಗುಣಿತ ತಪ್ಪು ಮಾಡಿದ್ದರಿಂದ. ಮನಿಲಾ ಸೇರಿದ 8.1 ಕೋಟಿ ಡಾಲರ್‌ನಲ್ಲಿ ಹೆಚ್ಚಿನದು ಜೂಜುಕೋಣೆಗಳ ದಾರಿ ಹಿಡಿದು ಮಾಯವಾಯಿತು.

ಅಲ್ಲಿ ಕಳ್ಳರು ನುಗ್ಗಲು ಬೇರೆ ಲೋಪಗಳೂ ಇದ್ದವು ಅನ್ನಿ. ಆದರೆ ನುಗ್ಗಿದ ಮೇಲೂ ದುಡ್ಡು ತಡೆಯಲು ದಿನಗಟ್ಟಲೆ ಸಮಯವಿತ್ತು. ರಜೆಯ ದಿನ ಫೋನ್ ಎತ್ತುವ ಒಬ್ಬ ಪರಿಚಯದ ಮನುಷ್ಯ ಆ ಕಡೆ ಇರಲಿಲ್ಲ, ಅಷ್ಟೇ. ಈಗ ನಿಮ್ಮ ಊರಿಗೆ ಬನ್ನಿ. ಬಾಗಲಕೋಟೆಯ ಹೋಳಿ ದಿನಗಳಲ್ಲಿ ಬಣ್ಣದ ಬಂಡಿ ಓಡಾಡುವಾಗ ನಿಮ್ಮ ಸಂಘದ ಖಾತೆಯಿಂದ ಆರ್‌ಟಿಜಿಎಸ್‌ನಲ್ಲಿ ದೊಡ್ಡ ಮೊತ್ತ ಹೋಗುತ್ತಿದೆ ಅಂತ ಗೊತ್ತಾದರೆ ಯಾರಿಗೆ ಫೋನ್ ಮಾಡುತ್ತೀರಿ? ನಿಮ್ಮ ಖಾತೆ ಇರುವ ಬ್ಯಾಂಕಿನ ಮ್ಯಾನೇಜರ್ ನಂಬರ್ ಯಾರ ಮೊಬೈಲ್‌ನಲ್ಲಿದೆ? ಆ ಮ್ಯಾನೇಜರ್ ವರ್ಗವಾಗಿ ಹೋಗಿಲ್ಲ ತಾನೆ?

ಆದ್ದರಿಂದ ನಾನು ಹೇಳುವ ಮೊದಲ ಕೆಲಸಕ್ಕೆ ಖರ್ಚೇ ಇಲ್ಲ. ಆರು ಸಂಘಗಳಿಂದ ತಲಾ ಇಬ್ಬರ ಹೆಸರು, ಇಬ್ಬರ ಮೊಬೈಲ್, ರಾತ್ರಿ ಎಷ್ಟು ಹೊತ್ತಿಗಾದರೂ ಎತ್ತುತ್ತೇವೆ ಅನ್ನುವ ಮಾತು. ಅದೇ ಹಾಳೆಯಲ್ಲಿ ನಿಮ್ಮ ಬ್ಯಾಂಕ್ ಶಾಖೆಯ ನಂಬರ್, ಸಾಫ್ಟ್‌ವೇರ್ ಕಂಪನಿಯವರ ನಂಬರ್, ಸೈಬರ್ ವಂಚನೆಗೆ 1930, ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯ ನಂಬರ್. ಇದನ್ನು ಕಂಪ್ಯೂಟರಿನಲ್ಲಿ ಇಟ್ಟರೆ ಬೇಕಾದ ದಿನವೇ ಸಿಗುವುದಿಲ್ಲ. ಮುದ್ರಿಸಿ ಕ್ಯಾಶ್ ಕೌಂಟರ್ ಹತ್ತಿರ ಒಂದು, ಕಾರ್ಯದರ್ಶಿ ಮನೆಯಲ್ಲಿ ಒಂದು ಇಡಿ. ಮೂರು ತಿಂಗಳಿಗೊಮ್ಮೆ ಎಲ್ಲ ನಂಬರಿಗೂ ಒಮ್ಮೆ ಫೋನ್ ಮಾಡಿ ನೋಡಿ.

ಎರಡನೆಯದು ಕಷ್ಟದ ಕೆಲಸ: ಹೇಳಿಕೊಳ್ಳುವುದು. ಪಕ್ಕದ ತಾಲೂಕಿನವರು ಯಾಕೆ ಬಾಯಿ ಬಿಡಲಿಲ್ಲ ಅಂತ ನಿಮಗೂ ಗೊತ್ತು. ಮರ್ಯಾದೆ ಪ್ರಶ್ನೆ. ಅದಕ್ಕಿಂತ ಹೆಚ್ಚಾಗಿ, ಸುದ್ದಿ ಸಂತೆಗೆ ಬಿದ್ದರೆ ಮರುದಿನ ಠೇವಣಿದಾರರು ಸಾಲುಗಟ್ಟಿ ನಿಲ್ಲುತ್ತಾರೆ ಅನ್ನುವ ಭಯ. ಈ ಭಯವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಸಹಕಾರಿ ಬ್ಯಾಂಕಿನ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ, ಪತ್ತಿನ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಜನ ಹೆದರುವುದು ಸಹಜ. ಸಾಲದ್ದಕ್ಕೆ ಆರೂ ಸಂಘಗಳು ಅದೇ ಬಜಾರಿನಲ್ಲಿ ಅದೇ ಜನರ ಠೇವಣಿಗೆ ಪೈಪೋಟಿ ಮಾಡುತ್ತವೆ. ದೇಶಗಳ ನಡುವೆಯೂ ಇದೇ ಗೋಳು. ನಮ್ಮ ಜಾಲ ಮುರಿದಿದೆ ಅಂತ ನೆರೆಯ ದೇಶಕ್ಕೆ ಹೇಳಿಕೊಳ್ಳಲು ಯಾವ ಸರ್ಕಾರಕ್ಕೂ ಇಷ್ಟವಿಲ್ಲ. ಆದರೆ ಕಳ್ಳರಿಗೆ ಗಡಿ ಇಲ್ಲ. 2022ರ ಏಪ್ರಿಲ್‌ನಲ್ಲಿ ಕೋಸ್ಟರಿಕಾದ ಹಣಕಾಸು ಇಲಾಖೆಯನ್ನು ಕೆಡವಿದ ಕಾಂಟಿ ಎಂಬ ಗುಂಪು, ಅದೇ ದಿನಗಳಲ್ಲಿ ಪೆರು ದೇಶದ ಗುಪ್ತಚರ ವಿಭಾಗಕ್ಕೂ ಕೈ ಹಾಕಿದ್ದಾಗಿ ಹೇಳಿಕೊಂಡಿತು. ಒಬ್ಬರ ಮನೆಗೆ ಹೇಗೆ ನುಗ್ಗಿದರು ಅಂತ ಬೇಗ ತಿಳಿದರೆ ಇನ್ನೊಬ್ಬರು ಅದೇ ದಾರಿ ಮುಚ್ಚಬಹುದು.

ಇದಕ್ಕೆ ಭದ್ರತಾ ಕೆಲಸದವರು ಕಂಡುಕೊಂಡ ಒಂದು ಸರಳ ಪದ್ಧತಿ ಇದೆ. ಪ್ರತಿ ಸಂದೇಶಕ್ಕೂ ಟ್ರಾಫಿಕ್ ದೀಪದ ಬಣ್ಣ ಹಚ್ಚುತ್ತಾರೆ. ಕೆಂಪು ಅಂದರೆ ಕೇಳಿದವರ ಕಿವಿಯಲ್ಲೇ ಇರಬೇಕು. ಹಳದಿ ಅಂದರೆ ನಿಮ್ಮ ಸಂಸ್ಥೆಯೊಳಗೆ, ಬೇಕಾದವರಿಗೆ ಮಾತ್ರ. ಹಸಿರು ಅಂದರೆ ನಮ್ಮ ಬಳಗದೊಳಗೆ ಎಲ್ಲರಿಗೂ ಹೇಳಬಹುದು. ಜಗತ್ತಿನ ತುಂಬ ಇದನ್ನು ಬಳಸುತ್ತಾರೆ, ನೀವೂ ಬಳಸಬಹುದು. ಹಂಚಿಕೊಳ್ಳಬೇಕಾದದ್ದು ಯಾವ ಸದಸ್ಯರ ಎಷ್ಟು ಹಣ ಅನ್ನುವುದಲ್ಲ. ಅದನ್ನು ಯಾರಿಗೂ ಹೇಳಬೇಡಿ. ಯಾವ ಇಮೇಲ್ ಬಂತು, ಫೈಲಿನ ಹೆಸರೇನು, ಎಷ್ಟು ಹೊತ್ತಿಗೆ, ಯಾವ ಕಂಪ್ಯೂಟರಿನಿಂದ ಶುರುವಾಯಿತು, ಆ ಹೊತ್ತಿಗೆ ಯಾರು ರಿಮೋಟ್‌ನಲ್ಲಿ ಒಳಗಿದ್ದರು, ಇಷ್ಟು ಸಾಕು. ವಾಟ್ಸ್‌ಆಪ್ ಗುಂಪು ಮಾಡಿಕೊಂಡರೆ ಆಡಳಿತ ಮಂಡಳಿಯವರನ್ನೆಲ್ಲ ಸೇರಿಸಬೇಡಿ. ಹನ್ನೆರಡು ಜನರ ಗುಂಪು ಗುಟ್ಟು ಉಳಿಸಿಕೊಳ್ಳಬಹುದು, ಎಪ್ಪತ್ತು ಜನರದ್ದು ಸಾಧ್ಯವಿಲ್ಲ. ಪಕ್ಕದ ತಾಲೂಕಿನ ಆ ಸಂಘದವರನ್ನು ಏಳನೆಯವರಾಗಿ ಸೇರಿಸಿಕೊಂಡರೆ ಇನ್ನೂ ಒಳ್ಳೆಯದು. ಆದದ್ದು ಹೇಗೆ ಅಂತ ನಿಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಅವರಿಗೇ.

ಸಂಘಗಳ ನಡುವೆ ಹೇಳಿಕೊಂಡರೆ ಕಾನೂನಿನ ಕೆಲಸ ಮುಗಿಯುವುದಿಲ್ಲ. ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ಆದೇಶದಂತೆ, ಇಂಥ ದಾಳಿ ಗೊತ್ತಾದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಕಂಪ್ಯೂಟರಿನ ಲಾಗ್‌ಗಳನ್ನು, ಅಂದರೆ ಯಾರು ಯಾವಾಗ ಒಳಗೆ ಬಂದು ಏನು ಮಾಡಿದರು ಅನ್ನುವ ದಾಖಲೆಗಳನ್ನು, 180 ದಿನ ಉಳಿಸಿಕೊಳ್ಳಬೇಕು. ದೂರು ಕೊಟ್ಟರೆ ಪೇಪರಿನಲ್ಲಿ ಬರುತ್ತದೆ ಅಂತ ಎಷ್ಟೋ ಜನ ಸುಮ್ಮನಾಗುತ್ತಾರೆ. ಸರ್ಟ್-ಇನ್‌ಗೆ ತಿಳಿಸಿದ್ದು ತಾನಾಗಿಯೇ ಪೇಪರಿಗೆ ಹೋಗುವುದಿಲ್ಲ. ಪಿಗ್ಮಿ ಏಜೆಂಟರ ಬಾಯಿಂದ ಹೋಗುತ್ತದೆ, ಅದನ್ನು ನೀವೇ ನೋಡಿದ್ದೀರಿ. ಆದ್ದರಿಂದ ಏಜೆಂಟರಿಗೆ ಮೊದಲ ದಿನವೇ ನಿಜ ಹೇಳಿ. ‘ಸರ್ವರ್ ಕೆಟ್ಟಿದೆ, ಲೆಕ್ಕ ಕಾಗದದಲ್ಲಿದೆ, ಇಷ್ಟು ದಿನದಲ್ಲಿ ಸರಿಯಾಗುತ್ತದೆ’ ಅಂತ ಅವರು ಮನೆ ಮನೆಗೆ ಒಂದೇ ಮಾತು ಹೇಳಿದರೆ ಗಾಳಿಸುದ್ದಿಗೆ ಜಾಗ ಇರುವುದಿಲ್ಲ. ಆ ಮಾತು ನಿಜವಾಗಬೇಕಾದರೆ ಲೆಕ್ಕ ಕಾಗದದಲ್ಲಿ ಇರಬೇಕು. ದಿನಾ ಸಂಜೆ ಉಳಿತಾಯ ಮತ್ತು ಪಿಗ್ಮಿ ಖಾತೆಗಳ ಬಾಕಿ ಪಟ್ಟಿ ಮುದ್ರಿಸಿ ತಿಜೋರಿಯಲ್ಲಿಡಿ. ಹಳೇ ಕಾಲದ ಪದ್ಧತಿ ಅಂತ ನಗುವವರು ನಗಲಿ.

ಮೂರನೆಯದು ಎಂಜಿನಿಯರ್. ಇದು ಒಳ್ಳೆಯ ಯೋಚನೆ, ಆದರೆ ಪೆಸಿಫಿಕ್‌ನವರು ಪಟ್ಟ ಪಾಡು ಗೊತ್ತಿರಲಿ. ಅಲ್ಲಿ ತರಬೇತಿ ಪಡೆದ ಹುಡುಗರು ಎಷ್ಟೋ ಸಲ ಆಕ್ಲೆಂಡ್, ಬ್ರಿಸ್ಬೇನ್ ಕಡೆ ಹೊರಟುಬಿಡುತ್ತಾರೆ, ಸಂಬಳ ಅಲ್ಲಿ ಜಾಸ್ತಿ. ನಿಮ್ಮ ಹುಡುಗ ಪುಣೆಗೋ ಬೆಂಗಳೂರಿಗೋ ಹೋಗುತ್ತಾನೆ. ಹೋಗುವುದು ತಪ್ಪಲ್ಲ, ಹೋಗುವಾಗ ಆರೂ ಸಂಘದ ಪಾಸ್‌ವರ್ಡ್ ತಲೆಯಲ್ಲಿಟ್ಟುಕೊಂಡು ಹೋಗುವುದು ಅಪಾಯ. ಪ್ರತಿ ಸಂಘಕ್ಕೂ ಬೇರೆ ಪಾಸ್‌ವರ್ಡ್, ಮುಚ್ಚಿದ ಲಕೋಟೆಯಲ್ಲಿ ಅಧ್ಯಕ್ಷರ ಹತ್ತಿರ ಒಂದು ಪ್ರತಿ, ಅವನು ಬಿಟ್ಟ ದಿನವೇ ಎಲ್ಲ ಬದಲು. ಒಂದೇ ರಾತ್ರಿ ಎರಡು ಸಂಘಕ್ಕೆ ಹೊಡೆತ ಬಿದ್ದರೆ ಮೊದಲು ಎಲ್ಲಿಗೆ ಹೋಗಬೇಕು ಅನ್ನುವುದನ್ನೂ ಒಪ್ಪಂದದಲ್ಲಿ ಬರೆದಿಡಿ. ಆ ರಾತ್ರಿ ಚರ್ಚೆಗೆ ಕೂತರೆ ಸಂಘಗಳ ಸ್ನೇಹ ಅಲ್ಲಿಗೇ ಮುಗಿಯಿತು. ಸಾಫ್ಟ್‌ವೇರ್ ಕಂಪನಿಯವರು ‘ನಮ್ಮ ಹುಡುಗನನ್ನೇ ಪುಕ್ಕಟೆ ಕೊಡ್ತೀವಿ’ ಅಂದರೆ ಬೇಡ ಅನ್ನಿ. ಅವರ ತಪ್ಪು ಹುಡುಕುವ ಕೆಲಸ ಅವನದ್ದು, ಅವರೇ ಸಂಬಳ ಕೊಟ್ಟರೆ ಹೇಗೆ ಹುಡುಕುತ್ತಾನೆ? ಪೆಸಿಫಿಕ್‌ನಲ್ಲೂ ಸಹಾಯ ಕೊಡಲು ಆಸ್ಟ್ರೇಲಿಯಾ, ಚೀನಾ ನಾ ಮುಂದು ತಾ ಮುಂದು ಅಂತ ಬರುತ್ತವೆ. ಉಪಕರಣ ಯಾರು ಕೊಟ್ಟರೋ ಒಳಗೆ ಇಣುಕುವ ಅವಕಾಶವೂ ಅವರಿಗೇ ಸಿಗುತ್ತದೆ ಅನ್ನುವ ಅನುಮಾನ ಅಲ್ಲಿನ ಜನರಿಗೂ ಇದೆ.

ಇನ್ನು ಆ ದೊಡ್ಡ ಸರ್ವರ್. ಅಧ್ಯಕ್ಷರ ಉತ್ಸಾಹಕ್ಕೆ ನೀರು ಎರಚುವುದು ನನ್ನ ಉದ್ದೇಶವಲ್ಲ. ಆದರೆ 2024ರ ಜುಲೈ ಕೊನೆಯ ದಿನಗಳನ್ನು ನೆನಪಿಸಿಕೊಳ್ಳಲಿ. ಸಣ್ಣ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಕೊಡುವ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ ರ್‍ಯಾನ್ಸಮ್‌ವೇರ್ ದಾಳಿ ಆಯಿತು. ದಾಳಿ ಹರಡದಿರಲಿ ಅಂತ, ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ ಆ ಕಂಪನಿಯನ್ನು ತನ್ನ ಜಾಲದಿಂದ ಕತ್ತರಿಸಿ ಇಟ್ಟಿತು. ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಯುಪಿಐ, ಎಟಿಎಂ ವ್ಯವಹಾರ ನಿಂತುಹೋಯಿತು. ಆ 300 ಬ್ಯಾಂಕುಗಳು ತಪ್ಪು ಮಾಡಿರಲಿಲ್ಲ. ಎಲ್ಲರೂ ಒಂದೇ ಕಡೆ ನಿಂತಿದ್ದರು, ಅಷ್ಟೇ. ಎನ್‌ಪಿಸಿಐ ಕತ್ತರಿಸಿದ್ದು ಸರಿಯಾಗಿಯೇ ಇತ್ತು. ಕತ್ತರಿಸಲು ಸಾಧ್ಯವಿದ್ದದ್ದರಿಂದ ಉಳಿದ ದೇಶ ಉಳಿಯಿತು. ನಿಮ್ಮ ಆರು ಸಂಘಗಳನ್ನು ಒಂದೇ ಸರ್ವರಿಗೆ ಕಟ್ಟಿದರೆ ಕತ್ತರಿಸಲು ಏನು ಉಳಿಯುತ್ತದೆ?

ನಿಜ ಹೇಳಬೇಕೆಂದರೆ, ನೀವು ಒಂದಾಗುವ ಮೊದಲೇ ಒಂದಾಗಿದ್ದೀರಿ, ನಿಮಗೇ ಗೊತ್ತಿಲ್ಲದಂತೆ. ನಾನು ಈ ಭಾಗದ ಸಂಘಗಳ ತಪಾಸಣೆಗೆ ಹೋದಾಗ ಕಾಣುವ ಚಿತ್ರ ಹೆಚ್ಚುಕಡಿಮೆ ಒಂದೇ. ದೇವರ ಫೋಟೋ ಕೆಳಗೆ ಸರ್ವರ್. ಅದರ ಸಿಪಿಯು ಮೇಲೆ ಮಾರ್ಕರ್ ಪೆನ್ನಿನಲ್ಲಿ ಎನಿಡೆಸ್ಕ್ ನಂಬರ್, ಅಂದರೆ ದೂರದಿಂದ ಈ ಕಂಪ್ಯೂಟರಿನೊಳಗೆ ಬರಲು ಬಳಸುವ ಸಾಫ್ಟ್‌ವೇರ್‌ನ ನಂಬರ್. ಸಾಫ್ಟ್‌ವೇರ್ ಕಂಪನಿಯವರು ಯಾವಾಗ ಬೇಕಾದರೂ ಬರಲಿ ಅಂತ ಹಗಲು ರಾತ್ರಿ ಚಾಲೂ. ಅದರ ಪಾಸ್‌ವರ್ಡ್ ಕಂಪನಿಯ ಹೆಸರು, ಮುಂದೆ 123. ಬ್ಯಾಕಪ್ ಪೆನ್‌ಡ್ರೈವ್ ಹಿಂದಿನ ಪೋರ್ಟಿಗೆ ಸದಾ ಚುಚ್ಚಿಯೇ ಇರುತ್ತದೆ, ಅದರ ಮೇಲೆ ಧೂಳು. ಪಕ್ಕದ ಊರಿನ ಸಂಘಕ್ಕೆ ಹೋದರೆ ಅದೇ ಕಂಪನಿ, ಅದೇ ಪಾಸ್‌ವರ್ಡ್. ಒಂದು ಕಡೆ ಸಿಕ್ಕ ಕೀಲಿ ಎಲ್ಲ ಕಡೆ ತಿರುಗುತ್ತದೆ. ಚುಚ್ಚಿಯೇ ಇಟ್ಟ ಪೆನ್‌ಡ್ರೈವ್‌ಗೂ ರ್‍ಯಾನ್ಸಮ್‌ವೇರ್ ಬೀಗ ಹಾಕುತ್ತದೆ, ಅದು ಬ್ಯಾಕಪ್ ಅಲ್ಲ. ಎರಡು ಹಾರ್ಡ್ ಡಿಸ್ಕ್ ತನ್ನಿ, ಒಂದು ದಿನ ಒಂದು, ಮರುದಿನ ಇನ್ನೊಂದು. ಕೆಲಸ ಮುಗಿದ ಕೂಡಲೇ ಕಿತ್ತು ತಿಜೋರಿಗೆ. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ಅದನ್ನು ತೆರೆದು ಲೆಕ್ಕ ತಾಳೆ ನೋಡಿ. ತೆರೆದು ನೋಡದ ಬ್ಯಾಕಪ್ ಮೇಲೆ ನಾನು ಒಂದು ರೂಪಾಯಿಯನ್ನೂ ಪಣಕ್ಕಿಡುವುದಿಲ್ಲ.

ಈ ವಿಷಯದಲ್ಲಿ ಒಟ್ಟಾಗುವುದು ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಎನಿಡೆಸ್ಕ್ ಬಂದ್ ಮಾಡಿ ಅಂತ ಒಂದು ಸಂಘ ಹೇಳಿದರೆ ಕಂಪನಿಯವರು ‘ಹಾಗಾದ್ರ ಸರ್ವಿಸ್ ಕೊಡಾಕ ಆಗಂಗಿಲ್ಲ’ ಅಂತಾರೆ. ಆರು ಸಂಘ ಒಂದೇ ಪತ್ರ ಬರೆದರೆ ಕೇಳುತ್ತಾರೆ. ನಾವು ಕರೆದಾಗ ಮಾತ್ರ ಒಳಗೆ ಬರಬೇಕು, ಬಂದಾಗ ಮೊಬೈಲಿಗೆ ಒಟಿಪಿ ಬರಬೇಕು, ಪ್ರತಿ ಸಂಘಕ್ಕೂ ಬೇರೆ ಪಾಸ್‌ವರ್ಡ್ ಇರಬೇಕು. ಸಹಕಾರ ಅಂದರೆ ನಮ್ಮ ಕಡೆಯವರಿಗೆ ಹೊಸದೇನಲ್ಲ. 1905ರಲ್ಲೇ ಗದಗಿನ ಕಣಗಿನಹಾಳದಲ್ಲಿ ಸಂಘ ಕಟ್ಟಿದ ಸೀಮೆ ಇದು.

ವರ್ಷಕ್ಕೊಮ್ಮೆ ಒಂದು ಅಣಕು ಪರೀಕ್ಷೆಯೂ ಇರಲಿ. ಆಗ್ನೇಯ ಏಷ್ಯಾದ ಆಸಿಯಾನ್ ಒಕ್ಕೂಟದ ದೇಶಗಳು 2006ರಿಂದ ಪ್ರತಿ ವರ್ಷ ಇಂಥ ಕವಾಯತು ಮಾಡುತ್ತಾ ಬಂದಿವೆ. ನಿಮ್ಮದು ಒಂದು ಶನಿವಾರ ಮಧ್ಯಾಹ್ನದ ಕೆಲಸ. ಒಂದು ಸಂಘದಲ್ಲಿ ಸರ್ವರಿನ ವೈರ್ ಕಿತ್ತು, ‘ಲಾಕ್ ಆಗಿದೆ’ ಅಂತ ಉಳಿದವರಿಗೆ ಫೋನ್ ಮಾಡಿ. ಯಾರು ಎತ್ತಿದರು, ಲೆಕ್ಕ ಕಾಗದದಲ್ಲಿ ನಡೆಯಿತೇ, ಬ್ಯಾಕಪ್ ತೆರೆಯಿತೇ, ನೋಡಿ. ನಿಜವಾಗಿ ಲಾಕ್ ಆದ ದಿನ ಮಾಡಬೇಕಾದದ್ದೂ ಆಗ ರೂಢಿಯಾಗುತ್ತದೆ: ನೆಟ್‌ವರ್ಕ್ ವೈರ್ ಕಿತ್ತು ಹಾಕುವುದು, ಪರದೆಯ ಫೋಟೋ ತೆಗೆಯುವುದು, ಯಾರು ಎಷ್ಟು ಅವಸರ ಮಾಡಿದರೂ ಫಾರ್ಮ್ಯಾಟ್ ಮಾಡದಿರುವುದು. ಫಾರ್ಮ್ಯಾಟ್ ಮಾಡಿದರೆ ಸಾಕ್ಷಿ ಹೋಯಿತು, ದಾರಿ ಯಾವುದು ಅನ್ನುವುದೂ ಹೋಯಿತು. ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೊಟ್ಟರೆ ಕೀಲಿ ಸಿಗುತ್ತದೆ ಅನ್ನುವ ಭರವಸೆ ಇಲ್ಲ. ಕೋಸ್ಟರಿಕಾ ಕೊಡಲಿಲ್ಲ, ರಾಷ್ಟ್ರೀಯ ತುರ್ತು ಸ್ಥಿತಿ ಘೋಷಿಸಿ ಕಷ್ಟಪಟ್ಟು ಕಟ್ಟಿಕೊಂಡಿತು.

ಠರಾವು, ಒಪ್ಪಂದ ಎಲ್ಲ ಆದ ಮೇಲೇ ಶುರು ಮಾಡೋಣ ಅಂತ ಯಾರಾದರೂ ಹೇಳಿದರೆ ಆಫ್ರಿಕಾದ ಉದಾಹರಣೆ ಕೊಡಿ. ಆಫ್ರಿಕನ್ ಒಕ್ಕೂಟ 2014ರಲ್ಲಿ ಮಲಾಬೊ ನಗರದಲ್ಲಿ ಸೈಬರ್ ಭದ್ರತೆಯ ಒಪ್ಪಂದ ಮಾಡಿಕೊಂಡಿತು. ಜಾರಿಗೆ 15 ದೇಶಗಳ ಅನುಮೋದನೆ ಬೇಕಿತ್ತು. ಅದು ಜಾರಿಗೆ ಬಂದಿದ್ದು 2023ರ ಜೂನ್‌ನಲ್ಲಿ. ಫೋನ್ ಪಟ್ಟಿಗೆ ಸರ್ವಸಾಧಾರಣ ಸಭೆಯ ಒಪ್ಪಿಗೆ ಬೇಕಿಲ್ಲ.

ಈ ಕ್ರಮದಲ್ಲಿ ಒಂದು ವರ್ಷ ನಡೆಸಿ ನೋಡಿ. ಅಷ್ಟರಲ್ಲಿ ಯಾವ ಸಂಘ ಮಾತಿಗೆ ನಿಲ್ಲುತ್ತದೆ, ಯಾವುದು ಫೋನ್ ಎತ್ತುವುದಿಲ್ಲ ಅನ್ನುವುದು ಗೊತ್ತಾಗಿರುತ್ತದೆ. ಆಮೇಲೂ ಅಧ್ಯಕ್ಷರಿಗೆ ಒಂದೇ ಸರ್ವರ್ ಬೇಕು ಅನಿಸಿದರೆ, ಅದನ್ನು ಮಾರಲು ಬಂದವರ ಹತ್ತಿರ ನಾಲ್ಕು ಪ್ರಶ್ನೆ ಕೇಳಿ, ಉತ್ತರ ಲಿಖಿತವಾಗಿ ಪಡೆಯಿರಿ. ಒಂದು ಸಂಘಕ್ಕೆ ದಾಳಿ ಆದರೆ ಉಳಿದ ಐದನ್ನು ಎಷ್ಟು ನಿಮಿಷದಲ್ಲಿ ಬೇರ್ಪಡಿಸುತ್ತೀರಿ? ನಮ್ಮ ದತ್ತಾಂಶದ ಕೀಲಿ ನಮ್ಮ ಹತ್ತಿರ ಇರುತ್ತದೆಯೋ, ನಿಮ್ಮ ಹತ್ತಿರವೋ? ಒಂದು ಸಂಘ ಹೊರಗೆ ಹೋಗುತ್ತೇನೆ ಅಂದರೆ ಅದರ ಲೆಕ್ಕವನ್ನು ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ ಕೊಡುತ್ತೀರಿ? ನಿಮ್ಮ ಕಂಪನಿಯೇ ಮುಚ್ಚಿದರೆ?